ಸ್ನಾನವಿಲ್ಲದ ಮೂರು ದಿನ

ನಮ್ಮ ಅಗ್ರಹಾರದಲ್ಲಿ ಮದುವೆಗೆ ಪಾತ್ರೆ ಕೊಂಡವರು ಹೆಸರು ಹಾಕಿಸಲು ಷಡಕ್ಷರಿಯವರ ಅಂಗಡಿಗೇ ಬರುತ್ತಿದ್ದರು. ಸ್ಟೀಲ್ ಬಿಂದಿಗೆಯ ಮೇಲೆ ಅವರು ಕೊರೆದ ಅಕ್ಷರ ಅಚ್ಚಿನ ಹಾಗಿರುತ್ತಿತ್ತು. 2006ರ ಹೊತ್ತಿಗೆ ಆ ಕೈ ನಡುಗತೊಡಗಿತು. ಸಕ್ಕರೆ ಕಾಯಿಲೆ ಹಳೆಯದು, ಇನ್ಸುಲಿನ್ ಹೊಸದು. ಎರಡು ಸಲ ಅಂಗಡಿ ಬಾಗಿಲು ತೆಗೆಯುತ್ತಲೇ ಕುಸಿದು ಬಿದ್ದರು. ಪಕ್ಕದವರು ಬಾಯಿಗೆ ಸಕ್ಕರೆ ಹಾಕಿ ಆಸ್ಪತ್ರೆಗೆ ಒಯ್ದರೆ ಅಲ್ಲಿ ರಕ್ತ ಪರೀಕ್ಷೆ ಸರಿಯಾಗಿಯೇ ಬರುತ್ತಿತ್ತು. ಬರದೇ ಏನು, ಆಗತಾನೇ ತಿನ್ನಿಸಿದ್ದರಲ್ಲ!

"ಇಂಜೆಕ್ಷನ್ ಆದ್ಮೇಲೆ ತಿಂಡಿ ತಿಂತಾರಾ?" ಎಂದು ಡಾಕ್ಟರು ಕೇಳಿದರು.

"ದಿನಾ ತಿಂತಾರೆ," ಎಂದರು ಹೆಂಡತಿ ಮಂಜುಳಮ್ಮ. ಸುಳ್ಳೇನಲ್ಲ.

ಎದುರು ಮನೆಯವಳಾದ ನನಗೆ ಆಕೆಯ ಮುಖ ನೋಡಲಾಗುತ್ತಿರಲಿಲ್ಲ. ಗಂಡ ಹೊಸ್ತಿಲು ದಾಟಿದರೆ ಬೀದಿಯ ತಿರುವಿನವರೆಗೂ ನೋಡುತ್ತಾ ನಿಲ್ಲುತ್ತಿದ್ದರು.

ಡಾಕ್ಟರು ಹೊಸದೊಂದು ಮಿಷನ್ನು ಹೇಳಿದರು. ಹೊಟ್ಟೆಗೆ ಸಣ್ಣ ತಂತಿ ಚುಚ್ಚಿ ಸೊಂಟಕ್ಕೆ ಡಬ್ಬಿ ಕಟ್ಟಿದರೆ ಮೂರು ದಿನದ ಸಕ್ಕರೆಯ ಏರಿಳಿತವೆಲ್ಲ ಅದರಲ್ಲಿ ದಾಖಲಾಗುತ್ತದೆ. ಯಾವ ಹೊತ್ತಿಗೆ ಇಳಿಯುತ್ತದೆಂದು ತಿಳಿದರೆ ಇನ್ಸುಲಿನ್ ಸರಿಪಡಿಸಬಹುದು. ಖರ್ಚು ಮಾತ್ರ ಎರಡು ತಿಂಗಳ ಮನೆವೆಚ್ಚದಷ್ಟು. ಮೈಗೆ ನೀರು ತಾಗಕೂಡದು.

ಸ್ನಾನವೆಂದರೆ ಬರೀ ಕೊಳೆ ತೊಳೆಯುವುದೆಂದು ಆ ಡಾಕ್ಟರು ತಿಳಿದಿದ್ದರೇನೋ. ಷಡಕ್ಷರಿಯವರಿಗೆ ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಬಾಯಿಗೆ ಹನಿ ನೀರಿಲ್ಲ.

"ದುಡ್ಡು ಹೋದ್ರೆ ಹೋಗ್ಲಿ ಮಂಜುಳಾ. ದೀಕ್ಷೆ ಆದಾಗಿಂದ ಒಂದು ದಿನಾನೂ ಬಿಟ್ಟಿಲ್ಲ ಕಣೇ."

"ನೀವಿದ್ರೆ ತಾನೇ ಪೂಜೆ? ದಿನಾ ಇಂಗೆ ಜೀವ ಕೈಲಿ ಇಡ್ಕೊಂಡಿರೋಕೆ ನನ್ ಕೈಲಿ ಆಗಲ್ಲ ಕಣ್ರೀ!" ಮಂಜುಳಮ್ಮ ಬೀದಿಗೇ ಕೇಳುವಂತೆ ಅತ್ತರು. ಷಡಕ್ಷರಿಯವರು ಸೋತು ಒಪ್ಪಿದರು.

ಆ ಮೂರು ದಿನ ಅಂಗಡಿ ಮುಚ್ಚಿತ್ತು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಕಣ್ಣಿಗೊತ್ತಿಕೊಂಡರೆ ಮುಗಿಯಿತು. ಮಂಜುಳಮ್ಮ ಎಂದಿನಂತೆ ಇಂಜೆಕ್ಷನ್ ಚುಚ್ಚಿ, ಹಿಂದೆಯೇ ಇಡ್ಲಿ ತಟ್ಟೆ ಇಡುತ್ತಿದ್ದರು. ಷಡಕ್ಷರಿಯವರ ಕೈ ನಡುಗಲಿಲ್ಲ.

"ದೇವ್ರು ಕಣ್ ಬುಟ್ಟ ಕಣಮ್ಮ," ಎಂದರು ಮಂಜುಳಮ್ಮ ನನಗೆ. ನಾನೂ ಖುಷಿಪಟ್ಟೆ, ಪೆದ್ದಿಯ ಹಾಗೆ.

ಡಾಕ್ಟರು ಡಬ್ಬಿಯ ದಾಖಲೆ ನೋಡಿದರು. ಸಕ್ಕರೆ ಎಲ್ಲೂ ಇಳಿದಿರಲಿಲ್ಲ. ಇನ್ಸುಲಿನ್ ಸರಿಯಾಗಿದೆ, ಅಷ್ಟೇ ಮುಂದುವರಿಸಿ ಎಂದರು.

ಮರುದಿನ ಇಂಜೆಕ್ಷನ್ ಆದ ಮೇಲೆ ಷಡಕ್ಷರಿಯವರು ತಲೆಗೆ ನೀರು ಹಾಕಿಕೊಂಡು, ಬಿಟ್ಟುಹೋದ ಪೂಜೆಯನ್ನೆಲ್ಲ ಸೇರಿಸಿ ಮಾಡಲು ಕೂತರು. ಇಡ್ಲಿ ಆರಿತು. ಮೈಯೆಲ್ಲ ಬೆವರಿ, ಕಣ್ಣು ಮುಚ್ಚಿ ಕೂತ ಗಂಡನನ್ನು ಮಂಜುಳಮ್ಮ ಬಾಗಿಲಲ್ಲೇ ನಿಂತು ನೋಡಿದರು. ಎಂಥ ಭಕ್ತಿ ಎಂದುಕೊಂಡರು, ಮಾತಾಡಿಸಲಿಲ್ಲ. ಎಡ ಅಂಗೈಯಿಂದ ಲಿಂಗ ಜಾರಿದಾಗಲೇ ಚೀರಿದ್ದು.

ಆಸ್ಪತ್ರೆಯಲ್ಲಿ ಅವರಿಗೆ ಪ್ರಜ್ಞೆ ಮರಳಲಿಲ್ಲ. ಎರಡನೆಯ ಸಂಜೆ ಎಲ್ಲ ಮುಗಿಯಿತು. ಡಾಕ್ಟರು ಆ ದಾಖಲೆಯ ಕಾಗದ ಹಿಡಿದು ಹೊರಗೆ ಬಂದರು.

"ಈ ಮೂರು ದಿನ ತಿಂಡಿ ಯಾವಾಗ ಕೊಡ್ತಿದ್ರಿ?"

"ಇಂಜೆಕ್ಷನ್ ಆದ ತಕ್ಷಣ. ಪೂಜೆ ಇರ್ಲಿಲ್ವಲ್ಲ."

"ಬೇರೆ ದಿನ?"

"ಸ್ನಾನ, ಪೂಜೆ ಮುಗಿಸಿ, ತಿಂಡಿ ಡಬ್ಬಿ ತಗೊಂಡು ಅಂಗಡಿಗೆ ಹೋಗಿ ತಿಂತಿದ್ರು…" ಇಷ್ಟನ್ನು ಮೊದಲೇ ಕೇಳಲು ಡಾಕ್ಟರಿಗೂ ಬಾಯಿರಲಿಲ್ಲ, ಹೇಳಲು ನಮಗೂ ಇರಲಿಲ್ಲ.

"ಅಂದ್ರೆ ಡಾಕ್ಟ್ರೇ, ಪೂಜೆ ಎಲ್ಲಾ ಆದ್ಮೇಲೆ ಇಂಜೆಕ್ಷನ್ ಕೊಟ್ಟು, ಮನೇಲೇ ತಿಂಡಿ ಕೊಟ್ಟಿದ್ರೆ ಸಾಕಿತ್ತಾ?"

ಡಾಕ್ಟರು ಹೌದೆಂದು ತಲೆಯಾಡಿಸಿದರು. ಮಂಜುಳಮ್ಮ ತಮ್ಮ ಬಲಗೈಯನ್ನೇ ನೋಡುತ್ತಾ ಕೂತರು. ದಿನಾ ಇಂಜೆಕ್ಷನ್ ಚುಚ್ಚುತ್ತಿದ್ದುದು ಆ ಕೈಯೇ.