ಹಳದಿ ಬಟ್ಟೆಯ ಬೋಲ್ಟುಗಳು

ಹಳೆಯ ಗಾಡಿ ಕೊಳ್ಳಲು ಹೋಗುವವರಿಗೆ ನಾನು ಇಂದಿಗೂ ಹೇಳುವುದು ಇಷ್ಟೇ: ಮೊದಲು ಅದರ ಮುಖ ನೋಡಬೇಡಿ, ಹೊಟ್ಟೆ ನೋಡಿ. ಪಂಚೆ ಕೊಳೆಯಾದರೆ ಆಗಲಿ, ನೆಲಕ್ಕೆ ಬೆನ್ನು ಹಾಕಿ ಒಳಗೆ ತೂರಿ. ಮಾರುವವನು ‘ಬಟ್ಟೆ ಕೊಳೆಯಾಗ್ತದೆ’ ಎಂದು ತಡೆದರಂತೂ ತೂರಲೇಬೇಕು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಬಿಟ್ಟ ಗಾಡಿಗಳು ಹರಾಜಾಗಿ, ಕೈಯಿಂದ ಕೈಗೆ ದಾಟಿ ನಮ್ಮ ಕಡೆಗೂ ಬಂದವು. ಅಂಥದೊಂದು ಜೀಪು ಮಳವಳ್ಳಿಯ ಕುರಿ ಕಂಟ್ರಾಕ್ಟರೊಬ್ಬರ ಹಿತ್ತಲಲ್ಲಿ ನಿಂತಿತ್ತು. ಬಂಡೂರಿನ ಕುರಿಗಳನ್ನು ಅದರಲ್ಲಿ ತುಂಬಿ ಸಾಗಿಸುತ್ತಿದ್ದರು. ಸೀಟಿನ ಕೆಳಗೆ ಕೈ ಹಾಕಿದರೆ ಹಿಕ್ಕೆ ಸಿಗುತ್ತಿತ್ತು. ನನ್ನದು ಮಂಡ್ಯದಲ್ಲಿ ಬೆಲ್ಲದ ವ್ಯಾಪಾರ. ಅದಕ್ಕೂ ಮುಂಚೆ, ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದ ದಿನಗಳಲ್ಲಿ, ನಾನು ಕ್ಲೀನರಾಗಿದ್ದೆ. ಇದ್ದಿಲಿನ ಬಸ್ಸನ್ನು ಗುಡ್ಡ ಹತ್ತಿಸಿದವನಿಗೆ ಯಾವ ಇಂಜಿನ್ನಿನ ಮೇಲೂ ಭಯ ಇರುವುದಿಲ್ಲ.

“ನಾಕು ಚಕ್ರನೂ ಎಳೆಯೋ ಗಾಡಿ ಕಣಪ್ಪ. ಕೆರೆ ಒಳಕ್ಕೆ ಬುಟ್ರೂ ಎದ್ದು ಬತ್ತದೆ,” ಎಂದರು ಕಂಟ್ರಾಕ್ಟರು.

ನಾನು ಗಾಡಿಯ ಕೆಳಗಿನಿಂದಲೇ ಕೇಳಿದೆ: “ಮುಂದಿನ ಚಕ್ರಕ್ಕೆ ಓಗೋ ಶಾಫ್ಟು ಎಲ್ಲಿ ಸಾವ್ಕಾರ್ರೇ?”

“ಅದಾ? ಸದ್ದು ಮಾಡ್ತಿತ್ತು ಅಂತ ಡ್ರೈವರು ಬಿಚ್ಚಿ ಇಂದಗಡೆ ಆಕವ್ನೆ. ರೋಡಲ್ಲಿ ಓಡ್ಸಕ್ಕೆ ಅದ್ಯಾಕೆ? ಅದೆಲ್ಲ ಯುದ್ಧಕ್ಕೆ.”

“ಅಂಗಾದ್ರೆ ಎರಡು ಚಕ್ರ ಮಲಗವೆ. ಮಲಗಿರೋ ಎತ್ತಿಗೆ ಎದ್ದಿರೋ ಎತ್ತಿನ ಬೆಲೆ ಯಾರು ಕೊಟ್ಟಾರು?”

ಅವರು ಕುರಿ ವ್ಯಾಪಾರದವರು. ಬಾಯಲ್ಲಿ ಬೆಲೆ ಆಡುವವರಲ್ಲ. ನನ್ನ ಕೈಯ ಮೇಲೆ ಟವೆಲು ಹಾಕಿ, ಕೆಳಗಿನಿಂದ ಬೆರಳು ಹಿಡಿದರು; ಹಿಡಿದ ಬೆರಳಿನ ಲೆಕ್ಕವೇ ಬೆಲೆಯ ಲೆಕ್ಕ. ನಾನು ಒಂದು ಬೆರಳು ಬಿಡಿಸಿಕೊಂಡೆ. ಅವರು ಮತ್ತೆ ಹಿಡಿದರು. ಹಿತ್ತಲಿನ ಕುರಿಗಳೆಲ್ಲ ಮೆಲುಕು ಹಾಕುತ್ತಾ ನಮ್ಮನ್ನೇ ನೋಡುತ್ತಿದ್ದವು. ಕೊನೆಗೆ ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, “ನೀನು ಕುರಿ ವ್ಯಾಪಾರಕ್ಕೆ ಬರದೆ ಇದ್ದದ್ದು ನನ್ನ ಪುಣ್ಯ,” ಎಂದರು. ಜಾಕು ಮತ್ತು ಒಂದು ಹೆಚ್ಚಿನ ಟೈರನ್ನು ನಾನು ಅದಾದ ಮೇಲೆ ಕೇಳಿದೆ. ಇದನ್ನು ನೆನಪಿಡಿ: ಮೇಲುಸಾಮಾನನ್ನು ಬೆಲೆ ಮುಗಿಯುವ ಮೊದಲು ಕೇಳಬಾರದು. ಬೆಲೆ ಮುಗಿದ ಮೇಲೆ ಕೊಡುವವನ ಮನಸ್ಸು ಹಗುರಾಗಿರುತ್ತದೆ.

ಮದ್ದೂರಿನ ಸೇತುವೆಗೆ ಬರುವಷ್ಟರಲ್ಲಿ ರೇಡಿಯೇಟರು ಕುದಿದು ನಿಂತಿತು. ಹೊಳೆಗಿಳಿದು ನೀರು ತಂದು ಹೊಯ್ದು, ಆರಲು ಬಿಟ್ಟು, ಮತ್ತೆ ಹೊಯ್ದು, ಅಂತೂ ಸಂಜೆಗೆ ಮಂಡ್ಯದ ನಮ್ಮ ಮನೆಯ ಹಿತ್ತಲಿಗೆ ತಂದು ನಿಲ್ಲಿಸಿದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು, “ಗಾಡಿ ತತ್ತೀನಿ ಅಂದ್ರಿ, ಕುರಿದೊಡ್ಡಿ ತಂದಿದ್ದೀರಲ್ಲ,” ಎಂದಳು. ಅವ್ವ ಗಾಡಿಯ ಸುತ್ತ ಒಂದು ಸುತ್ತು ಬಂದು, ಚಕ್ರಕ್ಕೆ ಕೈ ಮುಗಿದು ಒಳಗೆ ಹೋದಳು.

ನಾನು ಈ ಗಾಡಿ ತಂದದ್ದು ಶೋಕಿಗಲ್ಲ. ಬಸರಾಳಿನ ಕಡೆ ಒಂದು ಹಳ್ಳಿಯಲ್ಲಿ ಮೂರು ಆಲೆಮನೆಗಳು ಒಂದೇ ಬಯಲಿನಲ್ಲಿದ್ದವು. ಬಣ್ಣದ ಬೆಲ್ಲ, ಬಾಯಿಗಿಟ್ಟರೆ ಮರಳು ಮರಳಾಗಿ ಕರಗುತ್ತಿತ್ತು. ಆದರೆ ಊರಿಗೂ ಆ ಬಯಲಿಗೂ ನಡುವೆ ಒಂದು ಹಳ್ಳ. ನಾಲೆ ಬಂದ ಮೇಲೆ ನೀರು ಬಸಿದು ಬಸಿದು ಅದು ವರ್ಷವಿಡೀ ಕರಿ ಕೆಸರು. ಬೆಲ್ಲದ ಗಾಡಿ ಹಳ್ಳಕ್ಕೆ ಬಂದರೆ ಅಲ್ಲಿ ಕಾದು ಕೂತ ಒಬ್ಬಾತ ತನ್ನ ಜೋಡೆತ್ತನ್ನು ಮುಂದಕ್ಕೆ ಕಟ್ಟಿ ಎಳೆಸಿಕೊಡುತ್ತಿದ್ದ. ಅದೇ ಅವನ ಜೀವನ. ಸೋಮವಾರ ಮಾತ್ರ ಇಲ್ಲ. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಭಾನುವಾರ ಬೇಯಿಸಿದ ಬೆಲ್ಲ ಮಂಗಳವಾರದವರೆಗೆ ಅಲ್ಲೇ ಕೂರುತ್ತಿತ್ತು. ಸೋಮವಾರ ಸಂಜೆಗೆ ಬೆಲ್ಲವನ್ನು ಮಂಡಿಗೆ ಮುಟ್ಟಿಸಿದವನಿಗೆ ಮಂಗಳವಾರ ಬೆಳಗ್ಗೆ ಎದುರಾಳಿಯೇ ಇರುವುದಿಲ್ಲ. ನನ್ನ ಕಣ್ಣು ಇದ್ದದ್ದು ಅಲ್ಲಿ.

ಆಲೆಮನೆಗಳ ಹಿರಿಯ ಗೌಡರ ಹತ್ತಿರ ಹೋಗಿ ಮಾತಾಡಿದೆ. ಅವರು ಎಲೆಯಡಿಕೆ ಅಗಿಯುತ್ತಾ ಎಲ್ಲ ಕೇಳಿ, “ನೋಡ್ಲಾ, ಆಲೆ ಕಟ್ಟಿದ ಮೊದಲ್ನೇ ಸೋಮಾರ ಬಾ. ಬೆಲ್ಲ ತುಂಬ್ಕೊಂಡು ಅಳ್ಳ ಅತ್ತಿ ಓದ್ರೆ, ಈ ಸಲದ ಮೂರು ಆಲೆಮನೆ ಸೋಮಾರದ ಬೆಲ್ಲನೂ ನಿಂದೇ. ಊತ್ಕಂಡ್ರೆ ಮಂಗಳವಾರದವರ್ಗೂ ಅಲ್ಲೇ ಕುಂತಿರ್ಬೇಕು. ಆಮ್ಯಾಕೆ ಈ ತಗಡು ಇತ್ಲಾಗೆ ತರ್ಕೂಡ್ದು,” ಎಂದರು.

ಒಪ್ಪಿಕೊಂಡು ಬಂದೆ. ಹಿಂದಿನ ಎರಡೇ ಚಕ್ರ ಎಳೆದರೆ ಆ ಹಳ್ಳ ಹತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ಮಲಗಿದ ಎರಡು ಚಕ್ರಗಳನ್ನು ಆ ಸೋಮವಾರದೊಳಗೆ ಎಬ್ಬಿಸಬೇಕಿತ್ತು.

ಒಂದೊಂದಾಗಿ ಬಿಚ್ಚಿದೆ. ರೇಡಿಯೇಟರನ್ನು ತಾಮ್ರದ ಹಂಡೆಗೆ ಬೆಸುಗೆ ಹಾಕುವವನ ಹತ್ತಿರ ಒಯ್ದು, ಅವನ ಒಲೆಯ ಮುಂದೆ ನಾನೇ ಕೂತು ಹಾಕಿಸಿದೆ. ಬ್ರೇಕು ಬಿಚ್ಚಿ ಒಳಗಿನ ಕುರಿತುಪ್ಪಟ ಕಿತ್ತೆ. ಮುಂದಿನ ಶಾಫ್ಟು ಒನಕೆಯಷ್ಟು ಉದ್ದದ ಕೊಳವೆ, ಎರಡು ತುದಿಗೂ ಒಂದೊಂದು ಕೀಲು. ಕೀಲು ಸವೆದು ಸದ್ದು ಮಾಡುತ್ತಿತ್ತು, ಅಷ್ಟೇ. ಹೊಸ ಕೀಲನ್ನು ಮೈಸೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿ ತಂದೆ. ಆ ಕೀಲನ್ನು ಜಾಗದಲ್ಲಿ ಬಿಗಿದು ಹಿಡಿಯುವುದು ಕುದುರೆ ಲಾಳದ ಹಾಗೆ ಬಾಗಿದ ಸಣ್ಣ ಬೋಲ್ಟುಗಳು. ಅವುಗಳ ಮರೆ, ಅಂದರೆ ನಟ್ಟು ತಿರುಗುವ ಸುರುಳಿ ಗೀರು, ನಮ್ಮ ಕಡೆಯದಲ್ಲ, ಮಿಲಿಟರಿಯದು. ಮಂಡ್ಯದಲ್ಲಿ ಯಾವ ಅಂಗಡಿಯ ನಟ್ಟೂ ಅದಕ್ಕೆ ಕೂರುತ್ತಿರಲಿಲ್ಲ. ಅದಕ್ಕೇ ಅವುಗಳ ಮೇಲೆ ನನಗೆ ಜೀವ.

ಬಿಚ್ಚಿದ್ದನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಎತ್ತಿಡುತ್ತಿದ್ದವಳು ಹೆಂಡತಿ. ಅವಳಿಗೆ ಓದು ಬರಹವಿಲ್ಲ. ಆದರೆ ಬಿತ್ತನೆ ಬೀಜ ಎತ್ತಿಡುವ ಮನೆಯಿಂದ ಬಂದವಳು. ಒಂದೊಂದು ಜಾಗದ ಬೋಲ್ಟನ್ನೂ ಒಂದೊಂದು ಹಳೇ ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ, ಗುರುತಿಗೆ ಒಂದು ಕಾಳು ಹಾಕುತ್ತಿದ್ದಳು. ಹಿಂದಿನ ಚಕ್ರಕ್ಕೆ ತೊಗರಿ, ಬ್ರೇಕಿಗೆ ಹುರುಳಿ, ಮುಂದಿನ ಶಾಫ್ಟಿಗೆ ಅವರೆ. “ತೊಗರಿ ಕೊಡೇ” ಎಂದರೆ ಗಾಡಿಯ ಕೆಳಗೆ ಕೈಗೆ ಸರಿಯಾದ ಗಂಟೇ ಬರುತ್ತಿತ್ತು. ಸ್ವಂತ ರಿಪೇರಿಗೆ ಇಳಿಯುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಆ ದಿನಗಳಲ್ಲೇ ಇನ್ನೊಂದು ವಿಚಿತ್ರ. ಅವ್ವ ಸೊಸೆಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ತೋರಿಸತೊಡಗಿದಳು. ಮುದ್ದೆಯ ಮೇಲೆ ಕೇಳದೆಯೇ ತುಪ್ಪ. “ಬಿಸ್ಲಲ್ಲಿ ಕುಂತ್ಕಬ್ಯಾಡ ಕಣಮ್ಮಿ” ಎಂಬ ಮಾತು. ಹೆಂಡತಿ ನನ್ನ ಕಿವಿಯಲ್ಲಿ, “ಅತ್ತೆಗೆ ಮೈ ಸರಿಯಿಲ್ವೇನೋ, ವಸಿ ವಿಚಾರಿಸಿ,” ಎಂದಳು.

ಭಾನುವಾರ ಬೆಳಗ್ಗೆ ಉಳಿದದ್ದು ಮುಂದಿನ ಶಾಫ್ಟು ಒಂದೇ. ನಾನು ಕೆಳಗೆ ಮಲಗಿ, ಕೀಲನ್ನು ಜಾಗಕ್ಕೆ ಕೂರಿಸಿ ಒಂದು ಕೈಯಲ್ಲಿ ಹಿಡಿದು, “ಅವರೆ ಕೊಡು” ಎಂದೆ. ಕೈ ಚಾಚಿಯೇ ಇದ್ದೆ. ಏನೂ ಬರಲಿಲ್ಲ.

“ಅವರೆ ಗಂಟು ಕಾಣ್ತಿಲ್ಲ.”

“ನೀನೇ ಅಲ್ವಾ ಕಟ್ಟಿದ್ದು?”

“ಕಟ್ಟಿದ್ದೆ. ಗೂಡಲ್ಲಿ ಎಲ್ಲ ಗಂಟಿನ ಜೊತೇಲೇ ಇಟ್ಟಿದ್ದೆ.”

ಹುಲ್ಲು ಕೊಡವಿದೆವು. ಒರಳು ಎತ್ತಿದೆವು. ಇಲಿ ಬಿಲಕ್ಕೂ ಕೋಲು ಹಾಕಿದೆವು. ಅವ್ವ ಜಗಲಿಯಲ್ಲಿ ಮೊರ ಹಿಡಿದು ರಾಗಿಯ ಕಲ್ಲು ಆರಿಸುತ್ತಾ, “ಏನ್ಲಾ ಉಡುಕ್ತಿದ್ದೀರಿ?” ಎಂದಳು.

“ಬೋಲ್ಟು ಕಣವ್ವ. ಅದಿಲ್ದೆ ನಾಳೆ ಅಳ್ಳ ಅತ್ತಕ್ಕಾಗಲ್ಲ.”

“ಹಳದಿ ಬಟ್ಟೇಲಿ ಕಟ್ಟಿದ್ದೆ ಅತ್ತೆ,” ಎಂದಳು ಹೆಂಡತಿ. “ಬೇರೆ ಚೂರು ಸಿಕ್ಕಿರಲಿಲ್ಲ.”

ಮೊರದ ಸದ್ದು ನಿಂತಿತು.

ಅವ್ವ ಎದ್ದು ಒಳಗೆ ಹೋದಳು. ನಾವೂ ಹಿಂದೆಯೇ ಹೋದೆವು. ದೇವರ ಗೂಡಿನಲ್ಲಿ, ದೀಪದ ಪಕ್ಕದಲ್ಲಿ, ಕುಂಕುಮ ಇಟ್ಟು ಹೂವು ಮುಡಿಸಿಕೊಂಡು ನಮ್ಮ ಅವರೆ ಗಂಟು ಕೂತಿತ್ತು. ಹಳದಿ ಬಟ್ಟೆಯಲ್ಲಿ ಕಟ್ಟಿದ ಗಂಟು ನಮ್ಮ ಮನೆಗಳಲ್ಲಿ ಒಂದೇ: ಮುಡಿಪು. ದೇವರಿಗೆ ಹರಸಿಕೊಂಡು ಕಾಣಿಕೆ ಕಟ್ಟಿಡುವುದು. ಅವ್ವ ಅದನ್ನು ಹಿತ್ತಲ ಗೂಡಿನಲ್ಲಿ ನೋಡಿ, ಮುಟ್ಟಿ, ಒಳಗೆ ಬಾಗಿದ ತುಂಡುಗಳ ಜೊತೆ ಒಂದು ಕಾಳೂ ಕೈಗೆ ಸಿಕ್ಕಿ, ಸೊಸೆ ತನ್ನ ತವರಿನ ಮುರಿದ ಬೆಳ್ಳಿ ಕಡಗವನ್ನು ಗಾಡಿಗಾಗಿ ಹರಸಿಕೊಂಡಿದ್ದಾಳೆ ಎಂದು ತಿಳಿದು, ಒಳಗೆ ತಂದಿಟ್ಟಿದ್ದಳು. ಬಾಯಿ ಬಿಟ್ಟು ಹೇಳದೆ ಕೊಟ್ಟವಳೆಂದು ಅವಳಿಗೆ ಮನಸ್ಸು ತುಂಬಿತ್ತು. ತುಪ್ಪ ಬಂದದ್ದು ಅಲ್ಲಿಂದ.

ನಾನು ಕೈ ಚಾಚಿದೆ. ಅವ್ವ ಅಡ್ಡ ನಿಂತಳು.

“ಮುಟ್ಬ್ಯಾಡ. ದೇವ್ರ ಮುಂದಕ್ಕೆ ಓದದ್ದು ಓಯ್ತು.”

“ಅದು ಕಬ್ಣ ಕಣವ್ವ.”

“ದಿನಾ ದೀಪ ಅಚ್ಚೀವ್ನಿ. ಸೊಸೆ ಬೆಳ್ಳಿ ಕೊಟ್ಟವ್ಳೆ, ಗಾಡಿ ಓಡುಸಪ್ಪ ಅಂತ ಕೇಳ್ಕೊಂಡಿವ್ನಿ. ಈಗ ಕಬ್ಣ ಅಂತ ಯಾವ ಬಾಯಲ್ಲಿ ಏಳ್ಲಿ?”

“ನೀನು ಕೇಳಿದ್ದೇನು, ಗಾಡಿ ಓಡ್ಲಿ ಅಂತ ತಾನೆ? ಅದು ಅಲ್ಲಿದ್ರೆ ಗಾಡಿ ಓಡಲ್ಲ. ದೇವ್ರು ನಡೆಸ್ಕೊಡ್ಬೇಕು ಅಂದ್ರೆ ಅದ್ನ ಬುಟ್ಟುಕೊಡ್ಬೇಕು.”

“ದೇವ್ರ ಅತ್ರನೂ ಯಾಪಾರ ಮಾಡ್ತೀಯೇನ್ಲಾ?”

ಹೆಂಡತಿ ಒಳಗೆ ಹೋಗಿ ತನ್ನ ಪೆಟ್ಟಿಗೆಯಿಂದ ಆ ಮುರಿದ ಕಡಗವನ್ನೇ ತಂದು ಅವ್ವನ ಮುಂದೆ ಹಿಡಿದಳು. “ಇದನ್ನ ಇಡಿ ಅತ್ತೆ. ಅದನ್ನ ಕೊಡಿ.”

ಅವ್ವ ಕಡಗವನ್ನು ನೋಡಿದಳು, ಅವಳನ್ನು ನೋಡಿದಳು. “ನಿನ್ ಕಡಗ ಬ್ಯಾಡ ಕಣಮ್ಮಿ, ಒಳಗಿಡು. ಮಾತು ಕೊಟ್ಟೋಳು ನಾನು.” ಆಮೇಲೆ ನನ್ನ ಕಡೆ ತಿರುಗಿದಳು. “ನಾಳೆ ಮೊದಲ್ನೇ ಬೆಲ್ಲ ಈ ಬಟ್ಟೇಲಿ ಕಟ್ಕೊಂಡು ಬರ್ಬೇಕು. ತರೋಳು ನಾನೇ. ಗಾಡೀಲಿ ಮುಂದ್ಗಡೆ ಕುಂತ್ಕಂಡು.”

“ಇಂದ್ಗಡೆ ಕೂತ್ಕೋ. ಮುಂದಿನ ಸೀಟು ತಗ್ದು ಎರಡು ಮಂಕರಿ ಬೆಲ್ಲ ಇಡ್ಬೇಕು ಅಂತಿದ್ದೆ.”

“ಮುಂದ್ಗಡೆ.”

“ಅಳ್ಳದ ತಂಕ ಬಾ. ಅಲ್ಲಿ ಇಳ್ದು ನಡ್ಕೊಂಡು ದಾಟ್ಬುಡು.”

“ದಾಟೋವಾಗ್ಲೇ ಕುಂತಿರ್ಬೇಕು. ಮುಡಿಪು ಬಿಚ್ತಿರೋದು ಅದುಕ್ಕೇ ತಾನೆ?”

ಟವೆಲಿನ ಕೆಳಗೆ ಎಷ್ಟೋ ಕೈ ಹಿಡಿದವನು ನಾನು. ಅವ್ವನ ಮುಂದೆ ಒಂದು ಬೆರಳನ್ನೂ ಬಿಡಿಸಿಕೊಳ್ಳಲಾಗಲಿಲ್ಲ. ಒಪ್ಪಿದೆ. ಅವಳು ದೀಪಕ್ಕೆ ಎಣ್ಣೆ ಹಾಕಿ, ಏನನ್ನೋ ಗೊಣಗಿಕೊಂಡು ಗಂಟು ಬಿಚ್ಚಿದಳು. ಅವರೆಕಾಳನ್ನು ಮಾತ್ರ ಗೂಡಿನಲ್ಲೇ ಬಿಟ್ಟು, ಕುಂಕುಮ ಹತ್ತಿದ ಬೋಲ್ಟುಗಳನ್ನು ನನ್ನ ಅಂಗೈಗೆ ಹಾಕಿದಳು. ನಾನು ಅವನ್ನು ಒರೆಸದೆಯೇ ಬಿಗಿದೆ.

ಸೋಮವಾರ ನಾವು ಮೂವರೂ ಹೊರಟೆವು. ಹೆಂಡತಿ ಹಿಂದೆ ಖಾಲಿ ಮಂಕರಿಗಳ ನಡುವೆ, ಅವ್ವ ಮುಂದೆ. ಆ ಜೀಪಿನ ಸ್ಟೀರಿಂಗು ಎಡಗಡೆ. ನಮ್ಮ ಕಡೆಯವರು ಬಲಗಡೆ ಡ್ರೈವರನ್ನು ನೋಡಿ ಅಭ್ಯಾಸವಾದವರು. ದಾರಿಯಲ್ಲಿ ಎದುರು ಬಂದವರೆಲ್ಲ ಅವ್ವನ ಮುಖ ನೋಡಿ ದಾರಿ ಬಿಟ್ಟುಕೊಡುತ್ತಿದ್ದರು. ಇಳಿಯುವಾಗ ಹಳ್ಳ ಕಷ್ಟವಾಗಲಿಲ್ಲ. ಖಾಲಿ ಗಾಡಿ, ಇಳಿಜಾರು.

ಆಲೆಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಇಲ್ಲ. ಕಬ್ಬಿನ ಹಾಲು ಕುಡಿಸಿದರು. ಅವ್ವನ ಕೈಗೆ ಗೌಡರೇ ಒಂದು ಅಚ್ಚು ಬೆಲ್ಲ ಕೊಟ್ಟರು. ಅವಳು ಹಳದಿ ಬಟ್ಟೆಯಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡಳು. ಬೆಲ್ಲ ತುಂಬುವಾಗ ನಾನು ಭಾರವನ್ನೆಲ್ಲ ಹಿಂದಕ್ಕೆ ಬಿಡದೆ ಮುಂದಕ್ಕೆ ಒತ್ತಿಸಿದೆ. ಎಳೆಯುವ ಚಕ್ರ ನೆಲ ಕಚ್ಚಬೇಕಾದರೆ ಅದರ ಮೇಲೆ ಭಾರವಿರಬೇಕು.

ಹಳ್ಳದ ಆಚೆ ಏರಿಯ ಮೇಲೆ ಊರೇ ನಿಂತಿತ್ತು. ಜೋಡೆತ್ತಿನವನು ಎತ್ತುಗಳಿಗೆ ಮೈ ತೊಳೆಸಿ, ಹೊಂಗೆ ಮರದ ನೆರಳಲ್ಲಿ ಕಟ್ಟಿ, ಬೀಡಿ ಸೇದುತ್ತಾ ಕೂತಿದ್ದ.

“ರಾತ್ರಿಗೆ ಊಟ ತಂದ್ಕೊಡ್ತೀನಿ ಕಣಣ್ಣ,” ಎಂದು ಅಲ್ಲಿಂದಲೇ ಕೂಗಿದ ನನಗೆ. “ಎತ್ತು ಮಾತ್ರ ನಾಳೆನೇ.”

ನಾನು ಮುಂದಿನ ಚಕ್ರದ ಲಿವರನ್ನು ಹಾಕಿದೆ. ಕೆಳಗೆ ಟಕ್ಕೆಂದು ಕೂತದ್ದು ಕಾಲಿಗೆ ಗೊತ್ತಾಯಿತು. ನಿಧಾನದ ಗೇರಿಗೆ ಬಿಟ್ಟು, ಅವಸರ ಮಾಡದೆ ಇಳಿಸಿದೆ. ಅವಸರ ಮಾಡಿದರೆ ಚಕ್ರ ಕೆಸರನ್ನು ಅಗೆಯುತ್ತದೆಯೇ ಹೊರತು ಏರುವುದಿಲ್ಲ. ನಡುವೆ ಗಾಡಿ ಕುಸಿಯಿತು. ಹಿಂದಿನ ಚಕ್ರಗಳು ಸುಮ್ಮನೆ ತಿರುಗುತ್ತಾ ಕೆಸರೆರಚಿದವು. ಮೇಲೆ ಯಾರೋ ನಕ್ಕರು. ಹೆಂಡತಿ ಹಿಂದಿನಿಂದ, “ಮುಂದಿನ ಚಕ್ರ ಕಚ್ತಾ ಅವೆ, ಬಿಡ್ಬೇಡಿ,” ಎಂದಳು. ಅವ್ವ ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಎದುರಿನ ಕಂಬಿ ಹಿಡಿದು, ನೊಗದ ಎತ್ತಿಗೆ ಹೇಳುವ ಹಾಗೆ ಮೆಲ್ಲಗೆ, “ಬಾ ಮಗ, ಬಾ,” ಎನ್ನುತ್ತಿದ್ದಳು. ಮೂತಿ ಮೇಲಕ್ಕೆದ್ದಿತು. ಮುಂದಿನ ಚಕ್ರಗಳು ಗಟ್ಟಿ ನೆಲ ಮುಟ್ಟಿ ಉಳಿದದ್ದನ್ನು ಎಳೆದುಕೊಂಡು ಏರಿ ಹತ್ತಿದವು.

ಜೋಡೆತ್ತಿನವನು ಬೀಡಿ ಬಿಸಾಕಿ ಎದ್ದು ನಿಂತ. “ಲೇ, ಆ ಮುದುಕಿ ಓಡಿಸ್ಕೊಂಡು ಬಂದ್ಲು ಕಣ್ರಲಾ.”

ಯಾರೂ ಅವನನ್ನು ತಿದ್ದಲಿಲ್ಲ. ಅವ್ವನೂ ತಿದ್ದಲಿಲ್ಲ.

ಗೌಡರು ಹಿಂದೆಯೇ ನಡೆದು ಹಳ್ಳ ದಾಟಿ ಬಂದು, ಕೆಸರಿನ ದಾರಿಯನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿ, “ಮಾತು ಮಾತೇ. ಬರೋ ಸೋಮಾರ ಬಾ,” ಎಂದರು. ಆಮೇಲೆ ಬಲಗಡೆಗೆ ಬಂದು ಅವ್ವನಿಗೆ, “ನೀನೂ ಬರ್ಬೇಕು ಕಣವ್ವ. ನಿನ್ ಕೈಗುಣ ಚೆನ್ನಾಗದೆ,” ಎಂದರು.

ಆ ಸುಗ್ಗಿಯೆಲ್ಲ ಸೋಮವಾರದ ಬೆಲ್ಲ ನನ್ನ ಗಾಡಿಯಲ್ಲೇ ಮಂಡ್ಯಕ್ಕೆ ಬಂತು, ಆ ಸುಗ್ಗಿಯೆಲ್ಲ ಎರಡು ಮಂಕರಿಯ ಜಾಗದಲ್ಲಿ ಅವ್ವ ಕೂತು ಬಂದಳು. ಆ ಜಾಗದ ಲೆಕ್ಕ ಹಾಕುವುದನ್ನು ನಾನು ಬೇಗ ಬಿಟ್ಟೆ.

ಮೊದಲ ದಿನ ಮನೆಗೆ ಬಂದು, ಬೆಲ್ಲದ ಗಂಟನ್ನು ದೇವರ ಗೂಡಿನಲ್ಲಿಟ್ಟ ಮೇಲೆ, ನಾವು ಊಟಕ್ಕೆ ಕೂತೆವು. ಹೆಂಡತಿ ನನ್ನ ಕಡೆ ನೋಡಿ, “ಬೆಳ್ಳಿ ಅಲ್ಲ ಅಂತ ಗೊತ್ತಾಯ್ತಲ್ಲ, ಇನ್ನು ತುಪ್ಪ ನಿಲ್ತದೆ,” ಎಂದು ಪಿಸುಗುಟ್ಟಿದಳು. ಅವ್ವನ ಕಿವಿ ಚುರುಕು. ಮುದ್ದೆ ಮುರಿದು ಸೊಸೆಯ ತಟ್ಟೆಗೆ ಹಾಕಿ, ತುಪ್ಪದ ಗಿಂಡಿಯನ್ನು ಅವಳ ಪಕ್ಕಕ್ಕೇ ಸರಿಸಿ, “ಕಬ್ಣ ಎಳೀತು, ಬೆಳ್ಳಿ ಎಳೀತಿತ್ತಾ?” ಎಂದಳು.