ಲಾಂಗ್ ಬೆಲ್ ಮಿಸ್

ಮಕ್ಕಳು ಅವಳಿಗೆ ಇಟ್ಟಿದ್ದ ಹೆಸರು 'ಲಾಂಗ್ ಬೆಲ್ ಮಿಸ್'. ಮನೆಗೆ ಬಿಡುವ ಉದ್ದನೆ ಗಂಟೆ ಹೊಡೆಯುವಾಗ ಯಾವುದಾದರೊಂದು ತರಗತಿಯ ಕರಿಹಲಗೆ ಮುಂದೆ ಅವಳು ನಿಂತಿರಲೇಬೇಕು. ಹೆರಿಗೆ ರಜೆ ಬಿಟ್ಟರೆ ಹನ್ನೊಂದು ವರ್ಷದಲ್ಲಿ ಅದು ತಪ್ಪಿದ್ದಿಲ್ಲ. ಎಂಟನೇ ಪಿರಿಯಡ್ ಅಂದರೆ ಯಾವ ಟೀಚರಿಗೂ ಆಗದು. ಮೂರು ಹತ್ತಕ್ಕೆ ಅದು ಶುರುವಾಗುವ ಹೊತ್ತಿಗೆ ಮಕ್ಕಳ ಅರ್ಧ ಜೀವ ಗೇಟಿನಾಚೆ ಇರುತ್ತದೆ, ಪಾಠ ಹೇಳುವವರ ಗಂಟಲು ಒಣಗಿರುತ್ತದೆ. ಅದನ್ನು ವಾರದ ಐದು ದಿನವೂ ಅವಳ ತಲೆಗೆ ಕಟ್ಟಿದವನು ಬೇರೆ ಯಾರೂ ಅಲ್ಲ, ಕೈಹಿಡಿದ ಗಂಡ.

ಅವನು ಅದೇ ಶಾಲೆಯ ಗಣಿತದ ಮೇಷ್ಟ್ರು. ವರ್ಷದ ಮೊದಲ ವಾರ ಮನೆಯ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹಾಸಿ, ಚೂಪು ಪೆನ್ಸಿಲ್ಲು, ರಬ್ಬರು, ಅಡಿಪಟ್ಟಿ ಇಟ್ಟುಕೊಂಡು ಇಡೀ ಶಾಲೆಯ ವೇಳಾಪಟ್ಟಿ ಬರೆಯುತ್ತಿದ್ದ. ಹದಿನಾಲ್ಕು ತರಗತಿ, ಇಪ್ಪತ್ತೊಂದು ಜನ ಟೀಚರು. ಒಬ್ಬರಿಗೆ ಮಗುವನ್ನು ಬಿಟ್ಟು ಬರಬೇಕು, ಮೊದಲ ಪಿರಿಯಡ್ ಬೇಡ. ಇನ್ನೊಬ್ಬರಿಗೆ ಮಂಡಿನೋವು, ಮಹಡಿ ಹತ್ತಲಾಗದು. ವಿಜ್ಞಾನ ಹೇಳುವ ಹೊಸ ಹುಡುಗಿಗೆ ಮೂರೂಕಾಲರ ಬಸ್ಸು ತಪ್ಪಿದರೆ ಮುಂದಿನದು ಐದೂವರೆಗೆ. ಅವನು ಎಲ್ಲರಿಗೂ ಹೂಂ ಅನ್ನುತ್ತಿದ್ದ. ಕಡೆಗೆ ಯಾರಿಗೂ ಬೇಡದೆ ಉಳಿದ ಚೌಕಗಳಲ್ಲೆಲ್ಲ ಹೆಂಡತಿಯ ಹೆಸರಿನ ಮೊದಲಕ್ಷರ ಬರೆದು ಹಾಳೆ ಸುತ್ತಿಡುತ್ತಿದ್ದ. ನಿನಗೆ ಸುಲಭದ್ದು ಕೊಟ್ಟರೆ ನಾಳೆ ನಾಲ್ಕು ಜನ ಏನಂತಾರೆ ಅನ್ನುವುದು ಅವನ ಮಾತು.

ಊರಿಗೆ ಉಪಕಾರಿ, ಮನೆಗೆ ಮಾರಿ. ಆದರೆ ಸ್ಟಾಫ್ ರೂಮಿನಲ್ಲಿ ಹಾಗೆ ಅಂದವರಿಲ್ಲ. ಇಂಥ ಗಂಡ ಸಿಗಬೇಕಾದರೆ ನೀವು ಪುಣ್ಯ ಮಾಡಿರಬೇಕು ಅನ್ನುತ್ತಿದ್ದರು ಅಲ್ಲಿಯ ಹೆಂಗಸರು. ಮೊದಮೊದಲು ಅವಳೂ ಹಾಗೇ ಅಂದುಕೊಂಡಿದ್ದಳು. ಗಂಡ ನ್ಯಾಯಸ್ಥ ಎಂಬ ಹೆಮ್ಮೆ ಅವಳ ಕಾಲುನೋವನ್ನು ನಾಲ್ಕೈದು ವರ್ಷ ಮರೆಸಿತ್ತು.

ಮನೆಗೂ ಅವನು ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದ. ಅವಳ ಸಾಲಿನಲ್ಲಿ ಅಕ್ಷರಕ್ಕೆ ಅಕ್ಷರ ತಾಗುವಷ್ಟು ಕೆಲಸ. ಅವನ ಸಾಲಿನಲ್ಲಿ ನಡಿಗೆ, ಪತ್ರಿಕೆ, ಮಗಳ ಜೊತೆ ಆಟ. ಐದು ಗಂಟೆಗೆ ಎದ್ದವಳು ಒಲೆ ಹಚ್ಚಿ, ಮೂರು ಡಬ್ಬಿ ತುಂಬಿಸಿ, ಅದರ ನಡುವೆಯೇ ಉತ್ತರಪತ್ರಿಕೆ ತಿದ್ದಿ, ಎಂಟು ವರ್ಷದ ಮಗಳಿಗೆ ಹನ್ನೊಂದು ನಿಮಿಷದಲ್ಲಿ ತಿಂಡಿ ಮುಗಿಸುವ ಅಭ್ಯಾಸ ಮಾಡಿಸಿದ್ದಳು. ಹುಡುಗಿ ಅಗಿಯದೆ ನುಂಗುವುದನ್ನು ಕಲಿತಿತ್ತು.

ಆ ವರ್ಷ ಮಗಳಿಗೆ ಎಡಗಿವಿ ಸೋರತೊಡಗಿತು. ದಿಂಬಿನ ಮೇಲೆ ಹಳದಿ ಕಲೆ. ಮೆಡಿಕಲ್ ಸ್ಟೋರಿನವನು ಕೊಟ್ಟ ಹನಿ ಹಾಕಿದರೆ ನಾಲ್ಕು ದಿನ ನಿಲ್ಲುತ್ತಿತ್ತು, ಮತ್ತೆ ಶುರು. ಕಿವಿ ಡಾಕ್ಟರು ಅವರ ಊರಿಗೆ ಬರುತ್ತಿದ್ದದ್ದು ಮಂಗಳವಾರ, ಶುಕ್ರವಾರ, ಮೂರರಿಂದ ನಾಲ್ಕು. ಆ ಎರಡು ದಿನ ಎಂಟನೇ ಪಿರಿಯಡ್ ಬದಲಿಸಿಕೊಡಿ ಎಂದು ಅವಳು ಗಂಡನನ್ನು ಕೇಳಿದಳು. ಅವನು ಸಿಟ್ಟಾಗಲಿಲ್ಲ. ಅವನು ಸಿಟ್ಟಾಗುವವನೇ ಅಲ್ಲ. ಒಂದು ಚೌಕ ಅಳಿಸಿದರೆ ಒಂಬತ್ತು ಅಳಿಸಬೇಕಾಗುತ್ತದೆ ಎಂದು ಹಾಳೆ ಬಿಡಿಸಿ ಬೆರಳಿಟ್ಟು ತೋರಿಸಿದ. ಹಾಗಾದರೆ ನೀವಾದರೂ ಕರೆದುಕೊಂಡು ಹೋಗಿ ಅಂದಳು. ತನಗೂ ಆ ಹೊತ್ತಿಗೆ ಒಂಬತ್ತನೇ ತರಗತಿ ಇದೆಯಲ್ಲ ಅಂದ. ರಜೆ ಹಾಕುತ್ತೇನೆ ಅಂದಾಗ, ಪಟ್ಟಿ ಬರೆಯುವವನ ಹೆಂಡತಿಯೇ ರಜೆ ಹಾಕಿದರೆ ಉಳಿದವರಿಗೆ ಯಾವ ಮುಖ ಇಟ್ಟುಕೊಂಡು ಇಲ್ಲ ಅನ್ನಲಿ, ಮುಂದಿನ ಟರ್ಮ್ ನೋಡೋಣ ಅಂದ. ಅವಳು ಸುಮ್ಮನಾದಳು. ಸುಮ್ಮನಾಗುವುದಕ್ಕೆ ಅಷ್ಟು ಹೊತ್ತು ಹಿಡಿಯುವುದಿಲ್ಲ, ಜಗಳಕ್ಕೆ ಹಿಡಿಯುತ್ತದೆ.

ಈ ನಡುವೆ ಹುಡುಗಿ ಮಾತುಮಾತಿಗೆ "ಏನಮ್ಮ?" ಅನ್ನಲು ಹಿಡಿದಿತ್ತು. ಹೇಳಿದ್ದನ್ನೇ ಎರಡು ಸಲ, ಮೂರು ಸಲ ಹೇಳಬೇಕು. ಬೇಕಂತಲೇ ಹೊತ್ತು ಕಳೆಯುತ್ತಿದೆ ಎಂದೇ ತಾಯಿ ನಂಬಿದಳು. ಒಂದು ಬೆಳಿಗ್ಗೆ ಷೂ ಹಾಕಿಕೋ ಎಂದು ನಾಲ್ಕು ಸಲ ಹೇಳಿದಳು. ಹುಡುಗಿ ಬಾಗಿಲ ಬಳಿ ನಿಂತು, "ಏನು?" ಅಂತು. ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಬಂದು ಬಾರಿಸಿದಳು. ಏಟು ಎಡಗೆನ್ನೆ, ಕಿವಿ ಎರಡಕ್ಕೂ ಬಿತ್ತು. ಹುಡುಗಿ ಅಳಲಿಲ್ಲ. ಕಿವಿ ಮುಚ್ಚಿಕೊಂಡು ಕೂತು ಒಂದೇ ಕೈಯಲ್ಲಿ ಷೂ ಹಾಕಿಕೊಂಡಿತು. ಆ ದಿನ ಮೂರೂ ಜನ ಸರಿಯಾದ ಹೊತ್ತಿಗೆ ಮನೆ ಬಿಟ್ಟರು.

ಮೂರು ತಿಂಗಳಾದ ಮೇಲೆ ಮಗಳ ಶಾಲೆಯಿಂದ ಚೀಟಿ ಬಂತು. ಎಡಗಡೆಯಿಂದ ಕರೆದರೆ ಹುಡುಗಿ ತಿರುಗುವುದಿಲ್ಲ, ತೋರಿಸಿ ಎಂದು. ಅವಳು ಚೀಟಿಯನ್ನು ಗಂಡನಿಗೆ ತೋರಿಸದೆ, ಮರುದಿನ ಮಂಗಳವಾರ, ನೇರ ವಿಜ್ಞಾನದ ಟೀಚರ್ ಹತ್ತಿರ ಹೋದಳು. ಇವತ್ತೊಂದು ದಿನ ಬಸ್ಸು ಬಿಟ್ಟು ತನ್ನ ಕೊನೇ ಪಿರಿಯಡ್ ನೋಡಿಕೊಳ್ಳಲಾಗುತ್ತದೆಯೇ ಎಂದು ಕೇಳಿದಳು.

ಆ ಹುಡುಗಿ ಕಕ್ಕಾಬಿಕ್ಕಿಯಾದಳು. "ನಾನೀಗ ಬಸ್ಸಲ್ಲಿ ಹೋಗಲ್ಲ ಅಕ್ಕ. ನಮ್ಮನೆಯವರು ಗಾಡಿ ತಗೊಂಡು ನಾಲ್ಕು ತಿಂಗಳಾಯ್ತು. ಎಂಟನೇ ಪಿರಿಯಡ್ ಯಾರಿಗಾದ್ರೂ ಕಷ್ಟ ಇದ್ರೆ ನಾನು ತಗೋತೀನಿ ಅಂತ ಆವಾಗ್ಲೇ ಸರ್‌ಗೆ ಹೇಳಿದ್ದೆ. ಅವರ ಒಂಬತ್ತನೇ ಕ್ಲಾಸನ್ನೇ ನಂಗೆ ಕೊಟ್ಟಿದಾರೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಗೋಡೆಯ ಮೇಲಿನ ಪಟ್ಟಿ ಮಾತ್ರ ಬದಲಾಗಿರಲಿಲ್ಲ. ಅವಳ ತರಗತಿ ಮೈದಾನದಾಚೆಯ ಹಳೇ ಕಟ್ಟಡದಲ್ಲಿ, ಒಂಬತ್ತನೆಯದು ಈಚೆ. ಯಾರು ಎಲ್ಲಿದ್ದಾರೆ ಎಂದು ನೋಡಲು ಅವಳಿಗೆ ಯಾವತ್ತು ಪುರಸೊತ್ತಿತ್ತು?

ಮೂರು ಹತ್ತರ ಗಂಟೆ ಹೊಡೆಯಿತು. ಮಕ್ಕಳಿಗೆ ಬರೆಯಲು ಹಚ್ಚಿ ಅವಳು ಮೈದಾನ ದಾಟಿದಳು. ಸ್ಟಾಫ್ ರೂಮಿನಲ್ಲಿ ಅವನಿರಲಿಲ್ಲ. ನಕಾಶೆ, ಅಳತೆಯ ಸಾಮಾನು ಇಡುವ ಕೋಣೆಯ ಬಾಗಿಲು ಮುಂದಕ್ಕೆ ಮಾಡಿತ್ತು, ತಳ್ಳಿದಳು. ಗಂಡ ಷೂ ಬಿಚ್ಚಿ, ಸ್ಟೂಲಿನ ಮೇಲೆ ಕಾಲು ಚಾಚಿ, ಪಕ್ಕದಲ್ಲಿ ಚಹಾ ಇಟ್ಟುಕೊಂಡು, ಪೇಪರಿನ ಪದಬಂಧ ತುಂಬುತ್ತಿದ್ದ. ಬೇರೆ ಹೆಂಗಸು ಇರಲಿಲ್ಲ, ಇಸ್ಪೀಟು ಇರಲಿಲ್ಲ, ಕುಡಿತ ಇರಲಿಲ್ಲ. ಸುಮ್ಮನೆ ಕೂತಿದ್ದ. ಅವುಗಳಲ್ಲಿ ಒಂದಾದರೂ ಇದ್ದಿದ್ದರೆ ಅವಳಿಗೆ ಬಯ್ಯಲು ಒಂದು ಮಾತಾದರೂ ಸಿಗುತ್ತಿತ್ತು.

ಅವನು ಗಡಿಯಾರ ನೋಡಿಕೊಂಡ. "ನಿನ್ನ ಕ್ಲಾಸ್ ಯಾರು ನೋಡ್ಕೋತಿದಾರೆ?"

ಅವಳು ಹಿಂದಿರುಗಿ ಮೈದಾನ ದಾಟಿ ತರಗತಿಗೆ ಹೋದಳು. ಹಾಗೆ ಯಾಕೆ ಹೋದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ. ಕಾಲಿಗೆ ರೂಢಿಯಾಗಿತ್ತು, ಅಷ್ಟೇ.

ಶುಕ್ರವಾರ ಹೆಡ್‌ಮಿಸ್ಸಿಗೆ ತಾನೇ ರಜೆಚೀಟಿ ಕೊಟ್ಟು ಮಗಳನ್ನು ಕರೆದುಕೊಂಡು ಹೋದಳು. ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ತಮಟೆ ಹರಿದಿದೆ, ಒಳಗೆ ಕೀವು ಕೂತು ಸಣ್ಣ ಮೂಳೆಗಳನ್ನು ತಿಂದುಹಾಕಿದೆ, ಆಪರೇಷನ್ ಮಾಡದಿದ್ದರೆ ಇನ್ನೂ ಒಳಕ್ಕೆ ಇಳಿಯುತ್ತದೆ, ಮಾಡಿದರೂ ಹೋದ ಕಿವಿ ಪೂರ್ತಿ ಬರುವ ನಂಬಿಕೆ ಇಲ್ಲ ಅಂದರು. ಎರಡು ತಿಂಗಳ ಮುಂಚೆ ಬಂದಿದ್ದರೆ ಎಂದು ಹೇಳಹೊರಟು, ತಾಯಿಯ ಮುಖ ನೋಡಿ ನಿಲ್ಲಿಸಿದರು. ಆಮೇಲೆ ಕೇಳಿದರು: "ಕಿವಿಗೆ ಪೆಟ್ಟೇನಾದ್ರೂ ಬಿದ್ದಿತ್ತಾ?"

"ಇಲ್ಲ," ಅಂದಳು ಅವಳು. ಬಲಗಿವಿ ನೆಟ್ಟಗಿದ್ದ ಮಗಳು ಅದನ್ನು ಕೇಳಿಸಿಕೊಂಡು ಅಮ್ಮನ ಮುಖ ನೋಡಿತು.

ಸಂಜೆ ಅಡುಗೆಮನೆಯಲ್ಲಿ ಅವಳು ಹನ್ನೊಂದು ವರ್ಷದ್ದನ್ನೂ ಒಟ್ಟಿಗೆ ಕಾರಿಕೊಂಡಳು. ಆ ಕೋಣೆ, ಆ ಸ್ಟೂಲು, ಆ ಪದಬಂಧ, ಎಲ್ಲ. ಗಂಡ ಅಡ್ಡಬಾಯಿ ಹಾಕದೆ ಕೇಳಿದ. ದಿನಕ್ಕೆ ನಲವತ್ತು ನಿಮಿಷ ತಲೆಗೆ ವಿಶ್ರಾಂತಿ ಇಲ್ಲದಿದ್ದರೆ ಮನೆಗೆ ಬಂದು ಮಗಳ ಜೊತೆ ನಗುನಗುತ್ತಾ ಇರಲು ತನ್ನಿಂದ ಆಗುತ್ತಿರಲಿಲ್ಲ ಎಂದ. ಆಮೇಲೆ ಮೆಲ್ಲಗೆ, ಲೆಕ್ಕ ತಪ್ಪಿದ ಹುಡುಗನಿಗೆ ಹೇಳುವ ಹಾಗೆ ಹೇಳಿದ:

"ಪೆಟ್ಟು ಬಿದ್ದಿತ್ತಾ ಅಂತ ಡಾಕ್ಟರ್ ಕೇಳಿದ್ರಂತೆ. ನೀನು ಇಲ್ಲ ಅಂದ್ಯಂತೆ. ಮಗು ಹೇಳ್ತು. ನಾನು ಇದನ್ನ ಯಾರಿಗೂ ಹೇಳೋಕೆ ಹೋಗಲ್ಲ, ಬಿಡು."

ಅಲ್ಲಿಂದ ಮುಂದೆ ಆ ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ.

ಶಾಲೆಯ ರಜೆಯಲ್ಲಿ ಆಪರೇಷನ್ ಆಯಿತು. ಸೋರುವುದು ನಿಂತಿತು, ಕಿವಿ ಬರಲಿಲ್ಲ. ಮರುವರ್ಷ ಗಂಡ ಯಾರೂ ಕೇಳದೆ ಅವಳ ಎಂಟನೇ ಪಿರಿಯಡ್ ಅಷ್ಟನ್ನೂ ತೆಗೆದು ತಾನು ಹಾಕಿಕೊಂಡ. ಮಗಳ ಸಲುವಾಗಿ ಮನುಷ್ಯ ಏನೆಲ್ಲ ಮಾಡುತ್ತಾನೆ ನೋಡಿ ಎಂದು ಸ್ಟಾಫ್ ರೂಮು ಕರಗಿಹೋಯಿತು. ಆ ವರ್ಷವೇ ಕೆಲಸ, ಸಂಸಾರ ಎರಡನ್ನೂ ತೂಗಿಸುವ ಬಗ್ಗೆ ಸುತ್ತಲಿನ ಶಾಲೆಗಳ ಟೀಚರುಗಳಿಗೆ ಒಂದು ದಿನದ ತರಬೇತಿ ನಡೆದಾಗ ಪಾಠ ಹೇಳಲು ಅವನನ್ನೇ ಕರೆದರು. ಹೆರಿಗೆ ರಜೆ ಬಿಟ್ಟರೆ ಹನ್ನೊಂದು ವರ್ಷದಲ್ಲಿ ಒಂದೇ ಒಂದು ಅರ್ಧ ದಿನ ರಜೆ ಹಾಕಿದವಳು ಎಂದು ಅವನು ಹೆಂಡತಿಯನ್ನು ತೋರಿಸಿದ. ಎದ್ದು ನಿಲ್ಲಿ ಎಂದರು. ನಿಂತಳು. ಚಪ್ಪಾಳೆ ಮುಗಿಯುವ ತನಕ ನಿಂತಿದ್ದು ಕೂತಳು.

ಈಗ ಮಗಳಿಗೆ ಹನ್ನೆರಡು. ತಾಯಿ ಮೂರೂವರೆಗೇ ಮನೆಯಲ್ಲಿ. ಮಗಳು ಬಂದ ಕೂಡಲೇ ಬ್ಯಾಗು ಎಸೆದು, ಪುಸ್ತಕ ಹಿಡಿದು ಗೇಟಿನ ಹತ್ತಿರ ಅಪ್ಪನ ಸ್ಕೂಟರು ಕಾಯುತ್ತದೆ. ಲೆಕ್ಕ ಆಗಲಿ, ಶಾಲೆಯ ಜಗಳವಾಗಲಿ, ಎಲ್ಲ ಅವನಿಗೇ. ಒಂದು ದಿನ ತಾಯಿ ತಡೆಯಲಾರದೆ, ನಾನು ಮನೆಯಲ್ಲೇ ಇದ್ದೀನಲ್ಲ, ನನಗೂ ಒಂದಿಷ್ಟು ಹೇಳಬಾರದಾ ಎಂದು ಕೇಳಿದಳು.

ಮಗಳಿಗೆ ಸಿಟ್ಟೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿತು. "ನಾನು ಚಿಕ್ಕವಳಿದ್ದಾಗ ಅಪ್ಪನ ಹತ್ರ ಟೈಮ್ ಇತ್ತು ಅಮ್ಮ. ನಿನ್ನ ಹತ್ರ ಇರ್ಲಿಲ್ಲ."

ಆ ಟೈಮು ಎಲ್ಲಿಂದ ಬಂತು ಎಂದು ಹೇಳಲು ಅವಳು ಬಾಯಿ ತೆರೆದಳು. ಹೇಳಿದರೆ ಆ ಒದ್ದೆ ಕೈಯ ಮಾತೂ ಬರುತ್ತದೆ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಸ್ಕೂಟರಿನ ಹಾರನ್ ಕೇಳಿಸಿ ಮಗಳು ಗೇಟಿಗೆ ಓಡಿತು. ಅವಳು ಒಳಗೆ ಹೋಗಿ ಮೂರು ಲೋಟ ತೆಗೆದು ಚಹಾಕ್ಕೆ ನೀರಿಟ್ಟಳು.