ಗಂಧ ಹಚ್ಚಿಸಿಕೊಳ್ಳದ ತಲೆ

ದಾವಣಗೆರೆಯಲ್ಲಿ ನಾನು ಬ್ಲೌಸ್ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಅಳತೆ ಕೊಡಲು ಬಂದವರಲ್ಲಿ ತನ್ನ ಮೈ ತನಗೆ ಒಪ್ಪಿಗೆ ಎಂದ ಹೆಂಗಸನ್ನು ನಾನಿನ್ನೂ ನೋಡಿಲ್ಲ. ಒಬ್ಬಳಿಗೆ ತೋಳು ದಪ್ಪ, ಇನ್ನೊಬ್ಬಳಿಗೆ ಕತ್ತು ಕಪ್ಪು, ಮತ್ತೊಬ್ಬಳಿಗೆ ಭುಜದ ಮೂಳೆ ಕಾಣಿಸುತ್ತದೆ. "ಮುಚ್ಚಿ ಹೊಲಿಯಾಣ ಬಿಡ್ರಿ" ಎನ್ನುತ್ತೇನೆ, ಮುಚ್ಚಿಯೇ ಹೊಲಿಯುತ್ತೇನೆ. ಹಾಗಾಗಿ ಚೆಂದ ಕಾಣಬೇಕೆಂದು ಆಸೆಪಟ್ಟವರನ್ನು ಯಾರಾದರೂ ಆಡಿಕೊಂಡರೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ನಾನು ಕಪ್ಪು. ಹರಿಹರದ ತವರಿನಲ್ಲಿ ನನಗೆ ಹಚ್ಚಿದ ಕಡಲೆಹಿಟ್ಟಿನಲ್ಲಿ ಒಂದು ಮದುವೆಗಾಗುವಷ್ಟು ಬಜ್ಜಿ ಕರಿಯಬಹುದಿತ್ತು. ಹಚ್ಚಲಾ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಅದನ್ನು ಯಾರೂ ಶೋಕಿ ಎನ್ನಲೂ ಇಲ್ಲ. ಹೆಣ್ಣಿಗೆ ಅದು ಊಟದಷ್ಟೇ ಸಹಜ ಎಂದುಕೊಂಡಿದ್ದರು. ಅಷ್ಟೆಲ್ಲ ಹಚ್ಚಿದ ಮೇಲೂ ಕಪ್ಪಗೇ ಉಳಿದೆ, ಚೆನ್ನಾಗಿಯೇ ಇದ್ದೇನೆ. ಅದೇ ತಕ್ಕಡಿಯಲ್ಲಿ ಗಂಡುಮಕ್ಕಳನ್ನೂ ತೂಗುವ ಕಾಲ ಬಂದಾಗ ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು. ಆದರೆ ತಕ್ಕಡಿಯಲ್ಲಿ ಕೂತವನು ನನ್ನ ತಮ್ಮನೇ ಎಂದು ಗೊತ್ತಾದಾಗ ಆ ಖುಷಿ ಇಳಿದುಹೋಯಿತು.

ತಮ್ಮ ಅವ್ವನ ಜೊತೆ ಹರಿಹರದಲ್ಲಿರುತ್ತಾನೆ. ಮಲೆಬೆನ್ನೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ದುಡಿಮೆಗೆ ಕೊರತೆಯಿಲ್ಲ, ಕೊರತೆ ಇದ್ದದ್ದು ತಲೆಯ ಮೇಲೆ. ಮೂವತ್ತು ದಾಟುವಷ್ಟರಲ್ಲಿ ಹಣೆ ನಡುನೆತ್ತಿಯವರೆಗೆ ಹೋಗಿತ್ತು. "ಗಂಡಸಿಗೆ ದುಡಿಮೇನೇ ರೂಪ" ಎಂದು ಅವ್ವ ಎಲ್ಲರೆದುರು ಹೇಳುತ್ತಿದ್ದಳು. ಹೆಣ್ಣಿನ ಕಡೆಯವರಿಗೆ ಕಳಿಸುತ್ತಿದ್ದದ್ದು ಮಾತ್ರ ಅವನ ಕಾಲೇಜಿನ ಕಾಲದ ಫೋಟೋ.

ಆ ಫೋಟೋನೇ ಒಂದು ದಿನ ತಿರುಗಿಬಿತ್ತು. ಹೆಣ್ಣು ನೋಡಲು ಹೋದ ಒಂದು ಮನೆಯಲ್ಲಿ ಹುಡುಗಿಯ ಅಜ್ಜಿ ತಮ್ಮನಿಗೆ ನೀರು ಕೊಟ್ಟು, "ನೀವು ಹುಡುಗನ ಅಣ್ಣಾರೇನ್ರಿ? ಹುಡುಗ ಹಿಂದೆ ಬರ್ತಾನೇನು?" ಎಂದು ಕೇಳಿದಳು. ಎಲ್ಲರೂ ನಕ್ಕರು, ತಮ್ಮನೂ ನಕ್ಕ. ವಾಪಸು ಬರುವಾಗ ಅವನು ಬಸ್ಸಿನ ಕಿಟಕಿ ಗಾಜಿನಲ್ಲಿ ತನ್ನ ಹಣೆಯನ್ನೇ ನೋಡಿಕೊಳ್ಳುತ್ತಿದ್ದ.

ಸ್ವಲ್ಪ ದಿನ ಕಳೆದ ಮೇಲೆ ಅವನು ಟೋಪಿ ಹಾಕಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದ. ದಾವಣಗೆರೆಯಲ್ಲೇ ಒಂದು ಆಸ್ಪತ್ರೆಯಲ್ಲಿ ಹಿಂದಲೆಯ ಕೂದಲು ಕಿತ್ತು ಮುಂದಲೆಯಲ್ಲಿ ಕೂರಿಸಿದ್ದರು. ತಲೆ ಬೋಳಿಸಿದ್ದರು, ಮುಂದಲೆ ತುಂಬ ಕೆಂಪು ಚುಕ್ಕೆ.

"ಅವ್ವಗೆ ಏನಂತ ಹೇಳೀಯೋ?"

"ಸ್ನೇಹಿತರ ಜೊತೆ ಹೋಗಿ ಮನೆದೇವ್ರಿಗೆ ಮುಡಿ ಕೊಟ್ಟೆ, ಹಂಗೇ ನಾಲ್ಕು ದಿನ ಅಕ್ಕನ ಮನ್ಯಾಗ ಇರ್ತೀನಿ ಅಂದೀನಿ."

ಮಾಡಿಸಿಕೊಂಡಿದ್ದಕ್ಕೆ ನಾನು ಏನೂ ಅನ್ನಲಿಲ್ಲ. ಹಲ್ಲು ಹುಳುಕಾದರೆ ಕಟ್ಟಿಸಿಕೊಳ್ಳುತ್ತೇವೆ, ಕೂದಲು ನರೆತರೆ ಬಣ್ಣ ಹಚ್ಚುತ್ತೇವೆ. ಇವನ ತಲೆ, ಇವನ ಇಷ್ಟ. ಆದರೆ ಮುಡಿ ಎಂಬ ನೆಪಕ್ಕೆ, "ಅವ್ವನ್ನ ನೀನು ಮರ್ತೀಯಲ್ಲೋ" ಎಂದು ಬೈದೆ. ನಮ್ಮಲ್ಲಿ ಮುಡಿ ಕೊಟ್ಟು ಬಂದವರ ತಲೆಗೆ ಮನೆಯ ಹಿರಿಯಳು ಹೊಸ್ತಿಲಲ್ಲೇ ಗಂಧ ತೇಯ್ದು ಹಚ್ಚಬೇಕು. ಹಚ್ಚಿದ ಮೇಲೇ ಅವರು ಒಳಗೆ ಕಾಲಿಡುವುದು.

ಮರುದಿನವೇ ಅವ್ವ ಬಸ್ಸು ಹತ್ತಿ ಬಂದಳು. ಸೆರಗಿನಡಿ ಗಂಧದ ಬಟ್ಟಲು, ಅದರ ಮೇಲೆ ಬಾಳೆ ಎಲೆ ಮುಚ್ಚಿತ್ತು.

"ಟೋಪಿ ತೆಗಿಯೋ. ಮುಡಿ ಕೊಟ್ಟ ತಲೀಗೆ ಗಂಧ ಹಚ್ಚದೆ ಹೆಂಗೆ ಬಿಟ್ಟೀರಿ?"

ತಮ್ಮ ಗೋಡೆಗೆ ಒತ್ತಿಕೊಂಡು "ಬ್ಯಾಡವ್ವ, ಬ್ಯಾಡ" ಎಂದ. ಅವಳು ಬಿಡಲಿಲ್ಲ, ಟೋಪಿಗೇ ಕೈ ಹಾಕಿದಳು. ಆ ಅಂಗೈ ಒಂದು ಸಲ ಆಡಿದರೆ ಕೂರಿಸಿದ್ದೆಲ್ಲ ಕಿತ್ತು ಬರುತ್ತಿತ್ತು. ನಾನು ಮಣಿಕಟ್ಟು ಹಿಡಿದೆ. "ಅವ್ವ, ಇದು ಮುಡಿ ಕೊಟ್ಟ ತಲೆ ಅಲ್ಲ. ಹಿಂದಿನ ಕೂದ್ಲು ಕಿತ್ತು ಮುಂದೆ ನೆಟ್ಟಾರೆ. ಇನ್ನೂ ಬೇರು ಹಿಡಿದಿಲ್ಲ."

ತಮ್ಮ ತಾನೇ ಟೋಪಿ ತೆಗೆದು ಕೂತ. ಅವ್ವ ನಂದಿಗುಡಿ ಕಡೆಯ ಭತ್ತ ಬೆಳೆಯುವ ಮನೆಯವಳು. ಬಗ್ಗಿ ಅವನ ಮುಂದಲೆಯನ್ನೂ ಹಿಂದಲೆಯನ್ನೂ ನೋಡಿದಳು. "ನಾಟಿ ಮಾಡಿಸ್ಕಂಡು ಬಂದೀಯೇನೋ!" ಎಂದಳು. ನನಗೆ ನಗು ಬಂತು. ಅವಳು ನಗಲಿಲ್ಲ.

"ಮಾಡಿಸ್ಕಂಡಿದ್ದು ಮಾಡಿಸ್ಕಂಡಿ. ದೇವ್ರ ಹೆಸರು ಯಾಕ ತಂದಿ? ಕೊಡದ ಮುಡೀನ ಕೊಟ್ಟೆ ಅಂದ್ಯಲ್ಲೋ."

ಬಟ್ಟಲು ಹಾಗೇ ಮುಚ್ಚಿಕೊಂಡು ಮುಂದಿನ ಬಸ್ಸಿಗೆ ಹರಿಹರಕ್ಕೆ ಹೊರಟಳು.

ಕೂದಲು ಒಮ್ಮೆ ಉದುರಿ ಮತ್ತೆ ಬಂತು. ವರ್ಷ ತುಂಬುವಷ್ಟರಲ್ಲಿ ದಟ್ಟವಾಗಿ ನಿಂತಿತು. ತಮ್ಮನ ಜೇಬಿಗೆ ಬಾಚಣಿಗೆ ಬಂತು, ನಡಿಗೆಗೆ ಬಿಗಿ ಬಂತು. ಅಂಗಡಿಗೆ ಬಂದ ರೈತರು "ಏನ್ ಸಾವ್ಕಾರ್ರೆ, ವಯಸ್ಸು ಹಿಂದಕ್ಕೆ ಹೊಂಟೈತಲ್ಲ" ಎಂದು ಕಾಲೆಳೆಯುತ್ತಿದ್ದರು. ಅವನು ನಗುತ್ತಲೇ ನಟ್ಟು ಬೋಲ್ಟು ತೂಗಿ ಕೊಡುತ್ತಿದ್ದ. ಅವ್ವ ಮಾತ್ರ ಅನ್ನ ಬಡಿಸುತ್ತಿದ್ದಳು, ಮಾತಾಡುತ್ತಿದ್ದಳು, ಅವನ ತಲೆಯ ಕಡೆ ಕಣ್ಣೆತ್ತುತ್ತಿರಲಿಲ್ಲ. ವಾರಕ್ಕೊಮ್ಮೆ ತಾನೇ ಹಚ್ಚುತ್ತಿದ್ದ ಎಣ್ಣೆಯನ್ನೂ ಬಿಟ್ಟಿದ್ದಳು.

ಆಗ ಲೋಕಿಕೆರೆಯ ಒಂದು ಸಂಬಂಧ ಬಂತು. ಹೊಸ ಫೋಟೋ ಹೋಯಿತು, ಅವರಿಗೆ ಹಿಡಿಸಿತು. ಹೆಣ್ಣು ನೋಡುವ ದಿನ ಗೊತ್ತಾದ ಮೇಲೆ ತಮ್ಮ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ.

"ಅಕ್ಕ, ಆವತ್ತು ಬೆಳಿಗ್ಗೆ ಹೋಗಿ ಮುಡಿ ಕೊಟ್ಟು, ಅಲ್ಲಿಂದ ನೇರ ಲೋಕಿಕೆರೆಗೆ ಬರ್ತೀನಿ. ನೀನು ಅವ್ವನ್ನ ಕರ್ಕಂಡು ಬಾ."

"ತಲೆ ಕೆಟ್ಟೈತೇನೋ! ಇಷ್ಟು ಪಾಡು ಬಿದ್ದಿದ್ದು ಯಾಕ ಮತ್ತೆ? ಅವ್ರು ನೋಡಿ ಒಪ್ಪಿದ ಮ್ಯಾಲೆ ಕೊಡು."

"ಕೂದ್ಲು ನೋಡಿ ಒಪ್ಪಿದ್ರೆ ಜೀವನ ಪೂರ್ತಿ ಕೂದ್ಲು ಕಾಯ್ಕಂಡು ಕೂಡ್ರಬೇಕಕ್ಕ. ಬೇರು ಐತೆ, ಬರ್ತಾವೆ. ಅವ್ವ ನನ್ನ ತಲೆ ನೋಡಿ ವರ್ಷ ಆತು."

ಅವನ ದನಿಯಲ್ಲಿ ಅಳುಕಿರಲಿಲ್ಲ. ನನ್ನ ತಮ್ಮನ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ. ಅವ್ವನಿಗೆ ನಾನು ಏನೂ ಹೇಳಲಿಲ್ಲ.

ಲೋಕಿಕೆರೆಯ ಆ ಮನೆಯ ಪಡಸಾಲೆಯಲ್ಲಿ ನಾವು ಕೂತಿದ್ದೆವು. ಬೈಕು ನಿಂತ ಸದ್ದಾಯಿತು. ಬಿಸಿಲಿಗೆ ತಮ್ಮನ ತಲೆ ತಾಮ್ರದ ಕೊಡದ ಹಾಗೆ ಹೊಳೆಯುತ್ತಿತ್ತು. ಹುಡುಗಿಯ ಅಪ್ಪನ ಕೈಯಲ್ಲಿದ್ದ ಚಹಾದ ಲೋಟ ಅರ್ಧಕ್ಕೇ ನಿಂತಿತು. ಯಾರೂ "ಬರ್ರಿ" ಎನ್ನುವ ಮೊದಲೇ ಅವ್ವ ಎದ್ದು ಹೋಗಿ ಹೊಸ್ತಿಲಿಗೆ ಅಡ್ಡ ನಿಂತಳು.

"ಕೊಟ್ಟೇನೋ?"

"ಕೊಟ್ಟೆ ಅವ್ವ."

ಅವಳು ತಿರುಗಿ ಬೀಗರಾಗಬೇಕಾದವರನ್ನು ಕೇಳಿದಳು: "ನಿಮ್ಮ ಮನ್ಯಾಗ ಗಂಧದ ಕಲ್ಲು ಐತೇನ್ರಿ? ಗಂಧ ಹಚ್ಚದೆ ಇವನು ಒಳಗೆ ಬರಂಗಿಲ್ಲ."

ನಾನು ಸಂಬಂಧ ಮುರಿಯಿತೆಂದೇ ತಿಳಿದೆ. ಅಡುಗೆಮನೆ ಕಡೆಯಿಂದ ಕಲ್ಲಿನ ಮೇಲೆ ಕೊರಡು ತೇಯುವ ಸದ್ದು ಬಂತು. ಅವಲಕ್ಕಿ ತಟ್ಟೆ ಹಿಡಿದು ಬರಬೇಕಿದ್ದ ಹುಡುಗಿ ಗಂಧದ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಅವ್ವನ ಕೈಗೆ ಕೊಟ್ಟು, ನೇರ ತಮ್ಮನನ್ನೇ ಕೇಳಿದಳು: "ಫೋಟೋದಾಗ ಕೂದ್ಲು ಇತ್ತಲ್ರಿ?"

"ಇತ್ರಿ. ಮೊದ್ಲು ಉದುರಿದ್ವು, ಆಸ್ಪತ್ರ್ಯಾಗ ನೆಡಿಸ್ಕಂಡಿದ್ದೆ. ಅವ್ವಗೆ ಮುಡಿ ಕೊಟ್ಟೆ ಅಂತ ಸುಳ್ಳು ಹೇಳಿದ್ದೆ. ಇವತ್ತು ಕೊಟ್ಟು ಬಂದೆ."

"ಮತ್ತೆ ಬರದಿದ್ರೆ?"

"ಬರದಿದ್ರೆ ಇಷ್ಟೇ ನೋಡ್ರಿ."

ಅವಳು ಅವನ ತಲೆಯನ್ನು ಒಮ್ಮೆ ನೋಡಿ ನಕ್ಕಳು. "ನನ್ನ ಫೋಟೋನೂ ನಂಬಬ್ಯಾಡ್ರಿ. ಫೋನಿನಾಗ ಬೆಳ್ಳಗೆ ಮಾಡ್ಯಾರೆ. ನಾನು ಇಷ್ಟೇ." ಹುಡುಗಿಯ ಅಪ್ಪ ಲೋಟ ಕೆಳಗಿಟ್ಟು ಗಟ್ಟಿಯಾಗಿ ನಕ್ಕ. ನನಗಂತೂ ಎದ್ದು ಹೋಗಿ ಆ ಕಪ್ಪು ಕೆನ್ನೆಗೆ ಮುತ್ತು ಕೊಡಬೇಕೆನಿಸಿತು.

ತಮ್ಮ ಹೊಸ್ತಿಲಾಚೆ ತಲೆ ಬಗ್ಗಿಸಿ ನಿಂತ. ಅವ್ವ ಎರಡು ಅಂಗೈಗೂ ಗಂಧ ಬಳಿದುಕೊಂಡು ಹಿಂದಲೆಯಿಂದ ಹಚ್ಚುತ್ತ ಬಂದಳು. ಮುಂದಲೆಗೆ ಬಂದಾಗ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಬೆರಳು ಊರಿ ಒತ್ತಿ ನೋಡಿದಳು, ಇನ್ನೊಮ್ಮೆ ಒತ್ತಿದಳು.

"ಬೇರು ಗಟ್ಟಿ ಹಿಡಿದಾವೆ ಬಿಡು" ಎಂದಳು. "ಒಳಗೆ ಬಾ."